ಉಸಿರಿಗೆ ಕೊಳವೆ ಹಾಕುವ ಮುನ್ನ: ಯಾವ ಸೂಜಿ ಮೊದಲು, ಯಾವುದು ಆಮೇಲೆ?



ನಮ್ಮ ಹೊಸೂರು, ತಳಿ, ಬಾಗಲೂರು, ಕೆಲಮಂಗಲ, ದೇಂಕಣಿಕೋಟೆ ಸೀಮೆಯಲ್ಲಿ ಟೊಮೆಟೊ, ಎಲೆಕೋಸು, ಗುಲಾಬಿ ಕಾಣದ ಹಳ್ಳಿ ಕಡಿಮೆ. ಕೃಷ್ಣಗಿರಿಯ ಕಡೆ ಇಳಿದರೆ ಮಾವಿನ ತೋಪುಗಳು. ರಾಗಿ, ಹುರುಳಿಯ ಕಾಲದಲ್ಲಿ ಅಷ್ಟಾಗಿ ಬೇಕಿಲ್ಲದಿದ್ದ ಕೀಟನಾಶಕ ಈ ಬೆಳೆಗಳ ಜೊತೆಯಲ್ಲಿ ಮನೆಯೊಳಗೆ ಬಂದು ಮೂಲೆ ಹಿಡಿದು ಕೂತಿದೆ. ಅದನ್ನು ನಾವು ಕರೆಯುವುದೂ 'ಔಷಧಿ' ಎಂದೇ. ಗಿಡಕ್ಕೆ ಹೊಡೆಯುವುದೂ ಔಷಧಿ, ಜ್ವರಕ್ಕೆ ಕುಡಿಯುವುದೂ ಔಷಧಿ.

ಈ ಔಷಧಿ ಬೇಸಾಯಗಾರನ ಮೈಗೆ ಹೋದಾಗ ಆಸ್ಪತ್ರೆಯಲ್ಲಿ ನಡೆಯುವ ಚಿಕಿತ್ಸೆಯ ಬಗ್ಗೆ ಹಳ್ಳಿಗಳಲ್ಲಿ ಒಂದು ಮಾತು ಕೇಳಿಬರುತ್ತದೆ. "ಬರುವಾಗ ಮಾತಾಡುತ್ತಿದ್ದ. ಎರಡು ಸೂಜಿ ಹಾಕಿದರು, ಕೈಕಾಲು ಬಿದ್ದುಹೋಯಿತು, ಉಸಿರೂ ನಿಂತಿತು. ಆಮೇಲೆ ಬಾಯಿಗೆ ಪೈಪು ತೂರಿಸಿದರು. ಸೂಜಿಯಿಂದಲೇ ಹೀಗಾಯಿತು." ಈ ಅನುಮಾನದಿಂದ ಕೆಲವರು ಕೊಳವೆ ಹಾಕಲು ಒಪ್ಪಿಗೆ ಕೊಡುವುದಿಲ್ಲ. ಕೆಲವರು ರೋಗಿಯನ್ನು ಎತ್ತಿಕೊಂಡು ಬೇರೆ ಊರಿಗೆ ಹೊರಡುತ್ತಾರೆ. ಆ ದಾರಿಯಲ್ಲೇ ಜೀವ ಹೋಗಬಹುದು. ಆದ್ದರಿಂದ ಆ ಸೂಜಿಗಳು ಯಾವುವು, ಯಾವುದು ಮೊದಲು, ಯಾವುದು ಆಮೇಲೆ, ಏಕೆ ಎಂಬುದನ್ನು ಈ ಸಲ ತಿಳಿದುಕೊಳ್ಳೋಣ. ವೈದ್ಯರ ಕೆಲಸವನ್ನು ನಾವು ಮಾಡಲೆಂದು ಅಲ್ಲ. ಅವರು ಒಪ್ಪಿಗೆ ಕೇಳಿದಾಗ ಅರ್ಥ ತಿಳಿದು ಉತ್ತರ ಕೊಡಲೆಂದು.

ವಿಷ ಮಾಡುವುದೇನು?

ನಮ್ಮ ಕೆರೆಗಳಿಗೆ ತೂಬು ಇದೆ, ತೂಬಿಗೆ ನೀರುಗಂಟಿ ಇದ್ದ ಕಾಲವನ್ನು ಹಿರಿಯರು ಬಲ್ಲರು. ಗದ್ದೆಗೆ ಬೇಕಾದಷ್ಟು ನೀರು ಬಿಟ್ಟು, ಸಮಯಕ್ಕೆ ತೂಬು ಮುಚ್ಚುವುದು ಅವನ ಕೆಲಸ. ನಮ್ಮ ದೇಹದಲ್ಲೂ ನರ ಮತ್ತು ಸ್ನಾಯು ಸೇರುವ ಜಾಗದಲ್ಲಿ ಇಂಥದೇ ಏರ್ಪಾಡಿದೆ. ನರವು ಅಸಿಟೈಲ್‌ಕೋಲೀನ್ ಎಂಬ ರಸವನ್ನು ಬಿಡುತ್ತದೆ; ಸ್ನಾಯು ಕುಗ್ಗುತ್ತದೆ. ಕೂಡಲೇ ಕೋಲೀನೆಸ್ಟರೇಸ್ ಎಂಬ ಕಿಣ್ವ ಬಂದು ಆ ರಸವನ್ನು ಒಡೆದುಹಾಕುತ್ತದೆ; ಸ್ನಾಯು ಸಡಿಲವಾಗುತ್ತದೆ. ಈ ಕಿಣ್ವವೇ ನಮ್ಮ ಮೈಯ ನೀರುಗಂಟಿ.

ಕ್ಲೋರ್‌ಪೈರಿಫಾಸ್, ಪ್ರೊಫೆನೊಫಾಸ್, ಮೊನೊಕ್ರೊಟೊಫಾಸ್ ಮುಂತಾದವು ಆರ್ಗನೋಫಾಸ್ಫೇಟ್ ಎಂಬ ಗುಂಪಿಗೆ ಸೇರಿದ ಕೀಟನಾಶಕಗಳು. ಹೆಸರಿನ ಕೊನೆಗೆ 'ಫಾಸ್' ಎಂದಿದ್ದರೆ ಈ ಗುಂಪೆಂದು ಸಂಶಯಪಡಬಹುದು. ಇವು ನೀರುಗಂಟಿಯ ಕೈಕಟ್ಟಿ ಕೂರಿಸುತ್ತವೆ. ತೂಬು ಮುಚ್ಚುವವರಿಲ್ಲ. ಗದ್ದೆ ತುಂಬಿ ಬದು ಒಡೆಯುತ್ತದೆ.

ಆಗ ಕಾಣುವ ಗುರುತುಗಳು ಇವು: ಬಾಯಲ್ಲಿ ಜೊಲ್ಲು, ಕಣ್ಣಲ್ಲಿ ನೀರು, ಮೈಯೆಲ್ಲ ಬೆವರು, ವಾಂತಿ, ಭೇದಿ, ತಿಳಿಯದೆ ಮೂತ್ರ ಹೋಗುವುದು, ಕಣ್ಣಿನ ಪಾಪೆ ಸೂಜಿಮೊನೆಯಷ್ಟು ಕಿರಿದಾಗುವುದು, ಮಾಂಸಖಂಡಗಳು ಅಲ್ಲಲ್ಲಿ ಅದುರುವುದು. ಎಲ್ಲಕ್ಕಿಂತ ಅಪಾಯವಾದುದು ಎದೆಯೊಳಗಿನದು. ಶ್ವಾಸಕೋಶದಲ್ಲಿ ನೀರಿನಂಥ ಕಫ ತುಂಬಿ ಗೊರಗೊರ ಸದ್ದು ಬರುತ್ತದೆ. ಮೊದಲು ಅದುರಿದ ಸ್ನಾಯುಗಳು ಬರಬರುತ್ತಾ ದಣಿದು ಸೋಲುತ್ತವೆ. ಉಸಿರೆಳೆಯುವ ಸ್ನಾಯುಗಳೂ ಸೋಲುತ್ತವೆ. ಮಿದುಳಿನ ಉಸಿರಾಟದ ಕೇಂದ್ರವೂ ಮಂಕಾಗುತ್ತದೆ. ಹೀಗೆ ಮೂರು ಕಡೆಯಿಂದ ಉಸಿರಿಗೆ ಕುತ್ತು.

ಎಲ್ಲಕ್ಕಿಂತ ಮೊದಲ ಸೂಜಿ

ಇಲ್ಲಿ ಮೊದಲ ಮದ್ದು ಅಟ್ರೋಪಿನ್. ಇದು ಹಳೆಯ, ಅಗ್ಗದ ಮದ್ದು. ವಿಶ್ವ ಆರೋಗ್ಯ ಸಂಸ್ಥೆಯ ಅತ್ಯಗತ್ಯ ಮದ್ದುಗಳ ಪಟ್ಟಿಯಲ್ಲಿ ಇರುವಂಥದು. ಇದು ಜೊಲ್ಲು, ಕಫಗಳನ್ನು ಒಣಗಿಸುತ್ತದೆ, ಕುಸಿದ ನಾಡಿಬಡಿತವನ್ನು ಏರಿಸುತ್ತದೆ. ಒಮ್ಮೆ ಹಾಕಿ ಕಾಯುವುದಲ್ಲ. ಐದೈದು ನಿಮಿಷಕ್ಕೆ ಅಳತೆಯನ್ನು ಇಮ್ಮಡಿ ಮಾಡುತ್ತಾ ಹೋಗಬೇಕು. ಎದೆಯ ಗೊರಗೊರ ನಿಂತು, ನಾಡಿ ನಿಮಿಷಕ್ಕೆ 80 ದಾಟಿ, ರಕ್ತದೊತ್ತಡದ ಮೇಲಿನ ಅಂಕಿಯೂ 80 ದಾಟಿದಾಗ ಕೈ ತಡೆಯುತ್ತಾರೆ. ಬಾಂಗ್ಲಾದೇಶದಲ್ಲಿ ನಡೆದು 2012ರಲ್ಲಿ ಪ್ರಕಟವಾದ ಒಂದು ಪರೀಕ್ಷೆಯಲ್ಲಿ, ಹಳೆಯ ರೀತಿಯಲ್ಲಿ ಬಿಡಿಬಿಡಿಯಾಗಿ ಅಟ್ರೋಪಿನ್ ಪಡೆದವರಲ್ಲಿ ನೂರಕ್ಕೆ ಸುಮಾರು 22 ಮಂದಿ ತೀರಿಕೊಂಡರು; ಹೀಗೆ ಬೇಗಬೇಗನೆ ಏರಿಸಿ, ಬಳಿಕ ಹನಿಹನಿಯಾಗಿ ಮುಂದುವರಿಸಿದವರಲ್ಲಿ ನೂರಕ್ಕೆ 8 ಮಂದಿ.

"ಆಮ್ಲಜನಕ ಕೊಟ್ಟ ನಂತರವೇ ಅಟ್ರೋಪಿನ್" ಎಂದು ಬಹುಕಾಲ ಕಲಿಸಲಾಗುತ್ತಿತ್ತು. ಇಲ್ಲವಾದರೆ ಹೃದಯದ ಬಡಿತ ಕೆಡುವುದೆಂಬ ಹೆದರಿಕೆ. ಶ್ರೀಲಂಕಾದ ರೋಗಿಗಳ ದಾಖಲೆಗಳನ್ನು ನೋಡಿ 2014ರಲ್ಲಿ ಪ್ರಕಟವಾದ ಅಧ್ಯಯನ ಆ ಹೆದರಿಕೆಗೆ ಆಧಾರ ಕಾಣಲಿಲ್ಲ. ಸಿಲಿಂಡರ್ ಇಲ್ಲದ ಚಿಕ್ಕ ಆಸ್ಪತ್ರೆಯಲ್ಲೂ ಅಟ್ರೋಪಿನ್ ತಡಮಾಡಬೇಕಿಲ್ಲ. ಅಂಚೆಟ್ಟಿ ಕಡೆಯ ಬೆಟ್ಟದ ಹಳ್ಳಿಗಳವರಿಗೆ ಇದು ದೊಡ್ಡ ವಿಷಯ. ಅಟ್ರೋಪಿನ್ ಇರುವ ಹತ್ತಿರದ ಆಸ್ಪತ್ರೆಯನ್ನು ದಾಟಿ ನೇರವಾಗಿ ದೂರದ ಪಟ್ಟಣಕ್ಕೆ ಓಡುವುದು ಜಾಣತನವಲ್ಲ.

ಆದರೆ ಅಟ್ರೋಪಿನ್‌ಗೂ ಒಂದು ಮಿತಿ ಇದೆ. ಅದು ಕಫ ಒಣಗಿಸುತ್ತದೆ; ಸೋತ ಸ್ನಾಯುವಿಗೆ ಬಲ ತುಂಬುವುದಿಲ್ಲ. ಎದೆ ಒಣಗಿದರೂ ಉಸಿರೆಳೆಯುವ ಶಕ್ತಿ ಇಲ್ಲದಿದ್ದರೆ, ರೋಗಿಗೆ ಪ್ರಜ್ಞೆ ತಪ್ಪಿ ವಾಂತಿ ಶ್ವಾಸಕೋಶಕ್ಕೆ ಇಳಿಯುವಂತಿದ್ದರೆ, ಶ್ವಾಸನಾಳಕ್ಕೆ ಕೊಳವೆ ಹಾಕಿ ಯಂತ್ರದಿಂದ ಉಸಿರು ಕೊಡಲೇಬೇಕು.

ಕೊಳವೆಗೆ ಸೂಜಿ ಏಕೆ ಬೇಕು?

ಗಂಟಲು ನಮ್ಮ ಕಾವಲುಗಾರ. ಒಂದು ಅನ್ನದ ಅಗುಳು ದಾರಿ ತಪ್ಪಿದರೂ ಕೆಮ್ಮಿ ಹೊರಹಾಕುತ್ತದೆ. ಅಂಥ ಗಂಟಲಿನೊಳಗೆ ಬೆರಳು ದಪ್ಪದ ಕೊಳವೆ ಇಳಿಸಲು ಹೊರಟರೆ ರೋಗಿ ಹಲ್ಲು ಕಚ್ಚುತ್ತಾನೆ, ಕೊಸರುತ್ತಾನೆ, ವಾಂತಿ ಮಾಡಿಕೊಳ್ಳುತ್ತಾನೆ. ಆದ್ದರಿಂದ ಎರಡು ಮದ್ದು ಬೇಕು. ಒಂದು, ಪ್ರಜ್ಞೆ ಮರೆಸಿ ನಿದ್ದೆಗೆ ತಳ್ಳುವ ಅರಿವಳಿಕೆ: ಕೆಟಮಿನ್, ಎಟೊಮಿಡೇಟ್, ಪ್ರೊಪೊಫಾಲ್, ಮಿಡಜೋಲಮ್ ಇವುಗಳಲ್ಲಿ ಒಂದು. ಎರಡು, ಸ್ನಾಯುಗಳನ್ನು ಪೂರ್ತಿ ಸಡಿಲಿಸುವ ಮದ್ದು: ಸಕ್ಸಿನೈಲ್‌ಕೋಲೀನ್ ಅಥವಾ ರೊಕ್ಯುರೋನಿಯಂ. ಎರಡನೆಯದು ಕೈಕಾಲುಗಳ ಜೊತೆಗೆ ಉಸಿರನ್ನೂ ನಿಲ್ಲಿಸುತ್ತದೆ. ಹಳ್ಳಿಯ ಜನ ಕಂಡದ್ದು ಸುಳ್ಳಲ್ಲ. ಆದರೆ ಅದು ಅವಘಡವಲ್ಲ. ಒಂದೆರಡು ನಿಮಿಷದೊಳಗೆ ಕೊಳವೆ ಇಳಿಸಿ ಉಸಿರಾಟವನ್ನು ಯಂತ್ರಕ್ಕೆ ಒಪ್ಪಿಸಲು ಬೇಕೆಂದೇ ಮಾಡಿದ ಕ್ರಮ.

ಹೊಟ್ಟೆ ತುಂಬಿದ ರೋಗಿಗೆ ಈ ಎರಡೂ ಮದ್ದುಗಳನ್ನು ಒಂದರ ಹಿಂದೊಂದು ಬೇಗನೆ ಕೊಟ್ಟು ಕೊಳವೆ ಹಾಕುವ ಕ್ರಮವನ್ನು 1970ರಲ್ಲಿ ಅಮೆರಿಕದ ಸ್ಟೆಪ್ಟ್ ಮತ್ತು ಸಫರ್ ಎಂಬ ವೈದ್ಯರು ವಿವರಿಸಿ ಬರೆದರು. ಬಾಯಿಗೆ ಬಾಯಿಟ್ಟು ಉಸಿರು ತುಂಬುವ ವಿಧಾನವನ್ನು ಲೋಕಕ್ಕೆ ಕಲಿಸಿದವರಲ್ಲಿ ಈ ಪೀಟರ್ ಸಫರ್ ಒಬ್ಬರು.

ಮೊದಲು ಸಿದ್ಧತೆ, ಆಮೇಲೆ ಸೂಜಿ

ಬಿತ್ತುವ ಮುನ್ನ ನೆಲ ಹದ ಮಾಡುವಂತೆ ಇಲ್ಲೂ ಹದ ಬೇಕು. 2021ರಲ್ಲಿ ಪ್ರಕಟವಾದ, 29 ದೇಶಗಳ ಸುಮಾರು 3000 ತೀವ್ರ ರೋಗಿಗಳ ಅಧ್ಯಯನದಲ್ಲಿ, ಕೊಳವೆ ಹಾಕುವ ಹೊತ್ತಿಗೆ ನೂರರಲ್ಲಿ 40ಕ್ಕೂ ಹೆಚ್ಚು ಮಂದಿಗೆ ರಕ್ತದೊತ್ತಡ ಅಥವಾ ಹೃದಯದ ಸ್ಥಿತಿ ಕುಸಿಯಿತು, ಸುಮಾರು 9 ಮಂದಿಗೆ ಆಮ್ಲಜನಕ ಅಪಾಯದ ಮಟ್ಟಕ್ಕೆ ಇಳಿಯಿತು, 3 ಮಂದಿಗೆ ಹೃದಯ ನಿಂತಿತು. ಆದ್ದರಿಂದ ಗುಂಡಿಗೆಗೆ ಬಲ ಬರುವ ಮುನ್ನ ಅವಸರಪಡುವುದು ಒಳ್ಳೆಯದಲ್ಲ. ಕ್ರಮ ಸಾಮಾನ್ಯವಾಗಿ ಹೀಗಿರುತ್ತದೆ:

1. ಬಾಯಿ, ಗಂಟಲಿನ ಜೊಲ್ಲು ಮತ್ತು ವಾಂತಿಯನ್ನು ಯಂತ್ರದಿಂದ ಹೀರಿ ತೆಗೆಯುವುದು, ಅಟ್ರೋಪಿನ್ ಮುಂದುವರಿಸುವುದು.

2. ಸಮಯವಿದ್ದರೆ ಮೂರು ನಿಮಿಷದಷ್ಟಾದರೂ ಮುಖವಾಡದಿಂದ ಆಮ್ಲಜನಕ ಕೊಡುವುದು. ಉಸಿರು ನಿಲ್ಲುವ ಆ ಹೊತ್ತಿಗೆ ಇದೇ ಬುತ್ತಿ.

3. ರಕ್ತನಾಳಕ್ಕೆ ಗಟ್ಟಿಯಾದ ಸೂಜಿ ಕೂರಿಸಿ, ರಕ್ತದೊತ್ತಡ ಕಡಿಮೆ ಇದ್ದರೆ ಸರಿಪಡಿಸುವುದು.

4. ಅರಿವಳಿಕೆಯ ಮದ್ದು.

5. ಕೂಡಲೇ ಸ್ನಾಯು ಸಡಿಲಿಸುವ ಮದ್ದು.

6. ಸುಮಾರು ಒಂದು ನಿಮಿಷ ಕಳೆದು ಕೊಳವೆ ಇಳಿಸುವುದು. ಅದು ಅನ್ನನಾಳಕ್ಕಲ್ಲ, ಶ್ವಾಸನಾಳಕ್ಕೇ ಹೋಗಿದೆಯೆಂದು ಹೊರಬರುವ ಇಂಗಾಲಾಮ್ಲವನ್ನು ಅಳೆದು ಖಾತರಿ ಮಾಡಿಕೊಳ್ಳುವುದು.

7. ನೋವು ಮತ್ತು ನಿದ್ದೆಯ ಮದ್ದನ್ನು ತಡಮಾಡದೆ ಮುಂದುವರಿಸುವುದು.

ನಾಲ್ಕು ಮೊದಲೋ, ಐದು ಮೊದಲೋ?

ಇದು ವೈದ್ಯರೊಳಗೇ ಚರ್ಚೆಯಲ್ಲಿರುವ ಪ್ರಶ್ನೆ. ಹಳೆಯ ರೂಢಿ ಅರಿವಳಿಕೆ ಮೊದಲು ಎನ್ನುತ್ತದೆ. ಕಾರಣ ಸರಳ. ಸ್ನಾಯು ಸಡಿಲಿಸುವ ಮದ್ದು ಮಿದುಳನ್ನು ಮುಟ್ಟುವುದಿಲ್ಲ. ಅದನ್ನು ಮಾತ್ರ ಕೊಟ್ಟರೆ ರೋಗಿ ಎಚ್ಚರವಾಗಿಯೇ ಇರುತ್ತಾನೆ. ಎಲ್ಲವನ್ನೂ ಕೇಳುತ್ತಾನೆ, ನೋವು ತಿಳಿಯುತ್ತದೆ, ಉಸಿರು ಕಟ್ಟುತ್ತದೆ. ಆದರೆ ರೆಪ್ಪೆ ಕೂಡ ಅಲುಗಿಸಲಾರ. ಇದಕ್ಕಿಂತ ಭಯಂಕರವಾದ ಅನುಭವ ಮನುಷ್ಯನಿಗೆ ಬೇರೆ ಬೇಡ. ಮೊದಲು ನಿದ್ದೆ ಬಂದರೆ ಈ ಭಯವಿಲ್ಲ.

ಇನ್ನೊಂದು ಪಕ್ಷದ ವಾದವನ್ನೂ ಕೇಳಬೇಕು. ಕೆಟಮಿನ್‌ನಂಥ ಅರಿವಳಿಕೆ ಅರ್ಧದಿಂದ ಒಂದು ನಿಮಿಷದೊಳಗೆ ಹಿಡಿಯುತ್ತದೆ. ರೊಕ್ಯುರೋನಿಯಂ ಪೂರ್ತಿ ಹಿಡಿಯಲು ಸುಮಾರು ಒಂದು ನಿಮಿಷ ಬೇಕು. ನಿಧಾನದ ಎತ್ತನ್ನು ಮೊದಲು ಹೊರಡಿಸಿದರೆ ಎರಡೂ ಒಟ್ಟಿಗೆ ಹೊಲ ಮುಟ್ಟುತ್ತವೆ. ರೋಗಿ ಉಸಿರಿಲ್ಲದೆ ಇರುವ ಹೊತ್ತು ಅಷ್ಟು ಕಡಿಮೆಯಾಗುತ್ತದೆ. ಅಮೆರಿಕದಲ್ಲಿ 2019ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ಸಡಿಲಿಸುವ ಮದ್ದನ್ನು ಮೊದಲು ಕೊಟ್ಟಾಗ ಕೊಳವೆಯ ಕೆಲಸ ಸುಮಾರು 6 ಸೆಕೆಂಡು ಬೇಗ ಮುಗಿಯಿತು. ಆರು ಸೆಕೆಂಡು ಕೆಲವರಿಗೆ ದೊಡ್ಡದು, ಹಲವರಿಗೆ ಚಿಕ್ಕದು. ಇದರ ಎದುರಿಗೆ ಒಂದು ಅಪಾಯವನ್ನೂ ತೂಗಬೇಕು. ಮೊದಲ ಸೂಜಿ ಹೋಗಿ, ಅಷ್ಟರಲ್ಲಿ ರಕ್ತನಾಳದ ಸೂಜಿ ಕಳಚಿಕೊಂಡರೆ, ಅರಿವಳಿಕೆ ಒಳಗೆ ಹೋಗದೆ ರೋಗಿ ಎಚ್ಚರವಾಗಿಯೇ ಕಲ್ಲಿನಂತೆ ಬಿದ್ದಿರುತ್ತಾನೆ.

ಎರಡು ಪಕ್ಷಗಳೂ ಒಪ್ಪುವ ಮಾತುಗಳಿವೆ. ಎರಡು ಮದ್ದುಗಳ ನಡುವೆ ಕೆಲವು ಸೆಕೆಂಡಿಗಿಂತ ಹೆಚ್ಚು ಅಂತರ ಇರಬಾರದು. ಅರಿವಳಿಕೆ ಇಲ್ಲದೆ ಸಡಿಲಿಸುವ ಮದ್ದು ಕೊಡಬಾರದು. ಕೊಳವೆ ಹಾಕಿದ ಮೇಲೂ ನಿದ್ದೆಯ ಮದ್ದನ್ನು ಮರೆಯಬಾರದು. ಕೊನೆಯದು ಬರಿಯ ಎಚ್ಚರಿಕೆಯ ಮಾತಲ್ಲ. ರೊಕ್ಯುರೋನಿಯಂ ಅರ್ಧ ಗಂಟೆಯಿಂದ ಒಂದು ಗಂಟೆ, ಕೆಲವೊಮ್ಮೆ ಇನ್ನೂ ಹೆಚ್ಚು ಇರುತ್ತದೆ; ಅರಿವಳಿಕೆ ಅದಕ್ಕಿಂತ ಮೊದಲೇ ಇಳಿದುಬಿಡಬಹುದು. ತುರ್ತು ವಿಭಾಗದಲ್ಲಿ ಯಂತ್ರದ ಉಸಿರು ಪಡೆದವರನ್ನು ವಿಚಾರಿಸಿ ಅಮೆರಿಕದಲ್ಲಿ 2021ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ನೂರಕ್ಕೆ 2.6 ಮಂದಿ ತಾವು ಕದಲಲಾರದೆ ಎಚ್ಚರವಾಗಿದ್ದುದನ್ನು ನೆನಪಿಟ್ಟಿದ್ದರು. ರೊಕ್ಯುರೋನಿಯಂ ಪಡೆದವರಲ್ಲಿ ಇದು 5.5.

ಬೇಸಾಯಗಾರರ ವಿಷಯದಲ್ಲಿ ವಿಶೇಷ

ನೀರುಗಂಟಿಯ ಮಾತಿಗೆ ಮತ್ತೆ ಬರೋಣ. ನರದ ಬಳಿ ಒಬ್ಬ ನೀರುಗಂಟಿ ಇದ್ದರೆ, ರಕ್ತದಲ್ಲಿ ಅವನ ತಮ್ಮನಂಥ ಇನ್ನೊಂದು ಕೋಲೀನೆಸ್ಟರೇಸ್ ಇದೆ. ಸಕ್ಸಿನೈಲ್‌ಕೋಲೀನ್ ಮದ್ದನ್ನು ಒಡೆದು ಮುಗಿಸುವುದು ಈ ತಮ್ಮನೇ. ಆರೋಗ್ಯವಂತರಲ್ಲಿ ಆ ಮದ್ದು ಹತ್ತು ನಿಮಿಷದೊಳಗೆ ಇಳಿಯುವುದು ಇದರಿಂದ. ಆರ್ಗನೋಫಾಸ್ಫೇಟ್ ವಿಷ ಅಣ್ಣ ತಮ್ಮ ಇಬ್ಬರನ್ನೂ ಕಟ್ಟಿಹಾಕುತ್ತದೆ. ಆಗ ಹತ್ತು ನಿಮಿಷದ ಮದ್ದು ಗಂಟೆಗಟ್ಟಲೆ ನಿಲ್ಲಬಹುದು. ಆದ್ದರಿಂದ ಇಂಥ ರೋಗಿಗೆ ಬೇರೆ ದಾರಿಯಲ್ಲಿ ಇಳಿಯುವ ರೊಕ್ಯುರೋನಿಯಂ ಮೇಲು. ಅದರ ಅಳತೆ ಕೊಂಚ ಹೆಚ್ಚು ಬೇಕಾಗಬಹುದು.

ಕೈಯಲ್ಲಿ ಸಕ್ಸಿನೈಲ್‌ಕೋಲೀನ್ ಮಾತ್ರ ಇದ್ದರೆ? ಜೀವ ಉಳಿಸಲು ಅದನ್ನೇ ಬಳಸಬಹುದು. ಕೊಳವೆ ಇದ್ದು ಯಂತ್ರ ನಡೆಯುತ್ತಿರುವವರೆಗೆ ರೋಗಿಗೆ ಉಸಿರಿನ ಕೊರತೆ ಇಲ್ಲ. ಆದರೆ ಮದ್ದು ಬಹಳ ಹೊತ್ತು ನಿಲ್ಲುವುದೆಂದು ವೈದ್ಯರು ಮೊದಲೇ ತಿಳಿದು ನಿದ್ದೆಯ ಮದ್ದನ್ನೂ ಅಷ್ಟೇ ಹೊತ್ತು ನಡೆಸಬೇಕು. "ಇನ್ನೂ ಕದಲಲಿಲ್ಲ, ಮಿದುಳು ಸತ್ತಿತು" ಎಂದು ಮನೆಯವರು ಕೈಬಿಡಲೂ ಬಾರದು.

ಇದಕ್ಕೆಲ್ಲ ವೈದ್ಯರಿಗೆ ವಿಷದ ಹೆಸರು ತಿಳಿಯಬೇಕು. "ಔಷಧಿ ಕುಡಿದಿದ್ದಾನೆ" ಎಂದರೆ ಸಾಲದು. ಪ್ಯಾರಾಕ್ವಾಟ್ ಎಂಬ ಕಳೆನಾಶಕವಾದರೆ ಅತಿಯಾದ ಆಮ್ಲಜನಕವೇ ಶ್ವಾಸಕೋಶವನ್ನು ಇನ್ನಷ್ಟು ಕೆಡಿಸುತ್ತದೆ. ಆರ್ಗನೋಫಾಸ್ಫೇಟ್ ಆದರೆ ಆಮ್ಲಜನಕ ಧಾರಾಳವಾಗಿ ಬೇಕು. ಬಾಟಲಿ ನೋಡದೆ ಇದನ್ನು ತಿಳಿಯುವುದು ಕಷ್ಟ. ತಮಿಳು ಮಾತ್ರ ಬಲ್ಲ ಸಿಬ್ಬಂದಿ ಇದ್ದಲ್ಲಿ 'ಪೂಚ್ಚಿ ಮರುಂದು' ಎಂದರೆ ಕೀಟನಾಶಕವೆಂದು ಕೂಡಲೇ ತಿಳಿಯುತ್ತದೆ.

ಪಾಮ್ ಎಂಬ ಮದ್ದು

ನೀರುಗಂಟಿಯ ಕಟ್ಟು ಬಿಚ್ಚಲು ಪ್ರಾಲಿಡಾಕ್ಸಿಮ್, ಅಂದರೆ ಪಾಮ್, ಎಂಬ ಮದ್ದಿದೆ. ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನ ವೈದ್ಯರು 1990ರ ದಶಕದಲ್ಲಿ ನಡೆಸಿದ ಪರೀಕ್ಷೆಗಳಲ್ಲಿ ಇದರಿಂದ ಲಾಭ ಕಾಣಲಿಲ್ಲ. ಮಹಾರಾಷ್ಟ್ರದ ಬಾರಾಮತಿಯಲ್ಲಿ ನಡೆದು 2006ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ ಹೆಚ್ಚಿನ ಅಳತೆಯಲ್ಲಿ ಬೇಗ ಕೊಟ್ಟಾಗ ಲಾಭ ಕಂಡಿತು. ಶ್ರೀಲಂಕಾದ 2009ರ ಪರೀಕ್ಷೆಯಲ್ಲಿ ಮತ್ತೆ ಲಾಭವಿಲ್ಲ. ಆದ್ದರಿಂದ ಒಬ್ಬ ವೈದ್ಯರು ಪಾಮ್ ಕೊಟ್ಟು ಇನ್ನೊಬ್ಬರು ಕೊಡದಿದ್ದರೆ ಅದನ್ನು ಅಸಡ್ಡೆ ಎನ್ನಬಾರದು. ಅಟ್ರೋಪಿನ್ ಮತ್ತು ಉಸಿರು, ಇವೆರಡೇ ಆಧಾರಸ್ತಂಭಗಳು.

ಎರಡನೆಯ ದಿನದ ಮೋಸ

ಮೊದಲ ದಿನ ದಾಟಿ, ರೋಗಿ ಕಣ್ಣುಬಿಟ್ಟು ಮಾತಾಡಿ, ಗಂಜಿ ಕೇಳಿದಾಗ ಮನೆಯವರು ಬಿಡುಗಡೆಗೆ ಅವಸರಪಡುತ್ತಾರೆ. ಇಲ್ಲೊಂದು ಮೋಸವಿದೆ. ಶ್ರೀಲಂಕಾದ ಸೇನಾನಾಯಕೆ ಮತ್ತು ಕರಳ್ಳಿಯದ್ದೆ ಎಂಬ ವೈದ್ಯರು 1987ರಲ್ಲಿ ಇದನ್ನು ಬರೆದು ತೋರಿಸಿದರು. ವಿಷ ಹೋದ ಒಂದರಿಂದ ನಾಲ್ಕು ದಿನಗಳ ನಡುವೆ ಕುತ್ತಿಗೆ, ಭುಜ, ತೊಡೆ ಮತ್ತು ಉಸಿರಿನ ಸ್ನಾಯುಗಳು ಮತ್ತೆ ಸೋಲಬಹುದು. ಅದರ ಮೊದಲ ಗುರುತನ್ನು ಮನೆಯವರೇ ಹಿಡಿಯಬಹುದು. ಮಲಗಿದ ರೋಗಿಗೆ "ದಿಂಬಿನಿಂದ ತಲೆ ಎತ್ತಪ್ಪ" ಎನ್ನಿರಿ. ಎತ್ತಲಾರದಿದ್ದರೆ ಕೂಡಲೇ ನರ್ಸನ್ನು ಕರೆಯಿರಿ. ಮತ್ತೆ ಕೊಳವೆ ಬೇಕಾಗಬಹುದು. ಅದಕ್ಕೆ ಒಪ್ಪಿರಿ, ಯಂತ್ರದ ಮೇಲೆ ಕೆಲವು ದಿನ, ಕೆಲವೊಮ್ಮೆ ಕೆಲವು ವಾರ ಕಳೆದು ಈ ಸ್ನಾಯುಗಳು ಚೇತರಿಸಿಕೊಳ್ಳುತ್ತವೆ.

ಅಟ್ರೋಪಿನ್ ಹೆಚ್ಚಾದಾಗ ರೋಗಿ ಬಡಬಡಿಸುವುದು, ಗಾಳಿಯಲ್ಲಿ ಏನನ್ನೋ ಹಿಡಿಯುವುದು, ಮೈ ಬಿಸಿಯಾಗುವುದು ಉಂಟು. ಇದು ಗಾಳಿ ಸೋಕಿದ್ದಲ್ಲ, ಹುಚ್ಚೂ ಅಲ್ಲ. ಅಳತೆ ಇಳಿಸಿದರೆ ಇಳಿಯುತ್ತದೆ.

ಮನೆಯವರು ಮಾಡಬೇಕಾದ್ದು

ಮೊದಲು 108ಕ್ಕೆ ಕರೆ ಮಾಡಿರಿ. ಸಗಣಿ ನೀರು, ಸೋಪಿನ ನೀರು, ಉಪ್ಪು ನೀರು ಕುಡಿಸಿ ವಾಂತಿ ಮಾಡಿಸಬೇಡಿರಿ. ಆ ವಾಂತಿ ಶ್ವಾಸಕೋಶಕ್ಕೆ ಇಳಿದರೆ ಕೊಳವೆ ಹಾಕಿದರೂ ಉಳಿಸುವುದು ಕಷ್ಟ. ಎಡಮಗ್ಗುಲಿಗೆ ಮಲಗಿಸಿ, ಜೊಲ್ಲು ಹೊರಗೆ ಹರಿಯಲಿ. ಮೈಮೇಲೆ ಚೆಲ್ಲಿದ್ದರೆ ಬಟ್ಟೆ ತೆಗೆದು ಸೋಪು ನೀರಿನಿಂದ ಮೈ, ಕೂದಲು ತೊಳೆಯಿರಿ. ನಿಮ್ಮ ಕೈಗೆ ಪ್ಲಾಸ್ಟಿಕ್ ಕವರನ್ನಾದರೂ ಸುತ್ತಿಕೊಳ್ಳಿರಿ. ಬೈಕಿನಲ್ಲಿ ಇಬ್ಬರ ನಡುವೆ ಕೂರಿಸಿಕೊಂಡು ಹೋಗಬೇಡಿರಿ. ತಲೆ ಮುಂದಕ್ಕೆ ಬಿದ್ದು ಉಸಿರಿನ ದಾರಿ ಮುಚ್ಚುತ್ತದೆ. ಬಾಟಲಿಯನ್ನು ಮುಚ್ಚಿ, ಕವರಿನಲ್ಲಿ ಕಟ್ಟಿ ಜೊತೆಗೆ ಒಯ್ಯಿರಿ. ಬೇರೆ ಆಸ್ಪತ್ರೆಗೆ ಕಳುಹಿಸಿದರೆ ಯಾವ ಮದ್ದು ಎಷ್ಟು ಹೊತ್ತಿಗೆ ಕೊಟ್ಟರೆಂಬ ಚೀಟಿಯನ್ನು ಕೇಳಿ ಪಡೆಯಿರಿ. ಕೃಷ್ಣಗಿರಿಯ ಸರ್ಕಾರಿ ವೈದ್ಯಕೀಯ ಕಾಲೇಜು 2022ರ ಜನವರಿಯಲ್ಲಿ ಉದ್ಘಾಟನೆಯಾದ ಮೇಲೆ ಎಲ್ಲಕ್ಕೂ ಬೆಂಗಳೂರನ್ನೇ ನೆನೆಯುವ ಅಗತ್ಯ ಕಡಿಮೆಯಾಗಿದೆ.

ಪೊಲೀಸರಿಗೆ ಹೆದರಿ ವಿಷಯ ಮುಚ್ಚಿಡಬೇಡಿರಿ. ಮೊದಲು ಚಿಕಿತ್ಸೆ, ಆಮೇಲೆ ಕಾನೂನಿನ ವಿಧಿ ಎಂದು ಸುಪ್ರೀಂ ಕೋರ್ಟ್ 1989ರಲ್ಲೇ ಹೇಳಿದೆ. ತಾನಾಗಿ ವಿಷ ತೆಗೆದುಕೊಂಡವನು ತೀವ್ರ ಮಾನಸಿಕ ಒತ್ತಡದಲ್ಲಿದ್ದನೆಂದು ಭಾವಿಸಬೇಕು, ಅವನನ್ನು ಶಿಕ್ಷಿಸಬಾರದು ಎಂಬುದು 2017ರ ಮಾನಸಿಕ ಆರೋಗ್ಯ ಪಾಲನಾ ಕಾಯ್ದೆಯ ಆಶಯ. ಸಾಲ, ಬೆಲೆಕುಸಿತ, ಮನೆಯ ಜಗಳಗಳಿಂದ ನೊಂದವರು ಹಗಲಿರುಳೆನ್ನದೆ 14416 ಟೆಲಿ ಮಾನಸ್ ಸಂಖ್ಯೆಗೆ ಉಚಿತವಾಗಿ ಕರೆ ಮಾಡಿ ಮಾತಾಡಬಹುದು. ನೊಂದವರು ನೆರೆಮನೆಯಲ್ಲಿದ್ದರೆ ನಾವೇ ಹೋಗಿ ಪಕ್ಕದಲ್ಲಿ ಕೂರೋಣ.

ಕೊನೆಯದಾಗಿ ಬಾಟಲಿಯ ಮಾತು. 2013ರ ಜುಲೈಯಲ್ಲಿ ಬಿಹಾರದ ಸಾರಣ್ ಜಿಲ್ಲೆಯ ಶಾಲೆಯೊಂದರ ಬಿಸಿಯೂಟದ ಎಣ್ಣೆಯಲ್ಲಿ ಮೊನೊಕ್ರೊಟೊಫಾಸ್ ಸೇರಿ 23 ಮಕ್ಕಳು ಸತ್ತರು. ಅಡಿಗೆಮನೆಯ ಸಾಮಾನಿನ ಬಳಿ ಕೀಟನಾಶಕಕ್ಕೆ ಜಾಗವಿಲ್ಲ. ಖಾಲಿ ಡಬ್ಬಕ್ಕೂ ಇಲ್ಲ. ಬೇಕಾದಷ್ಟೇ ಕೊಂಡುತನ್ನಿರಿ. ಲೇಬಲಿನ ತ್ರಿಕೋನ ಕೆಂಪಾಗಿದ್ದರೆ ಅದು ಅತಿ ಘೋರ ವಿಷ, ಹಳದಿಯಾದರೆ ಅದರ ನಂತರದ್ದು ಎಂದು ಮಕ್ಕಳಿಗೂ ಕಲಿಸಿರಿ. ಉಳಿದದ್ದನ್ನು ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿ, ಬೀಗದ ಕೈಯನ್ನು ಮನೆಯ ಹಿರಿಯರೊಬ್ಬರ ಬಳಿ ಇಡಿರಿ. ದುಡುಕಿನ ಹೊತ್ತು ಹಲವು ಬಾರಿ ಕೆಲವೇ ನಿಮಿಷಗಳದ್ದು. ಆ ನಿಮಿಷಗಳಲ್ಲಿ ಬಾಟಲಿ ಕೈಗೆ ಸಿಗದಿದ್ದರೆ, ಮೇಲೆ ಹೇಳಿದ ಯಾವ ಸೂಜಿಯೂ ಬೇಕಾಗುವುದಿಲ್ಲ.